ಜಿಮ್ನಿ ಕಿಟ್‌ನಿಂದ 1/24 ಜಿಪ್ಸಿ: ಎಲ್ಲಿ ಕೊಯ್ಯೋದು, ಮಳೆಗಾಲದಲ್ಲಿ ಬಣ್ಣ ಹೇಗೆ?

ಮಡಿಕೇರಿ_ಮೇಜು
ಹಸೆಗಾವಾ ಕಂಪನಿಯ 1/24 (ನಿಜವಾದ ಗಾಡಿಯ ಇಪ್ಪತ್ನಾಲ್ಕನೇ ಒಂದು ಅಳತೆ) ಸುಜುಕಿ ಜಿಮ್ನಿ ಜೆಎ11 ಪ್ಲಾಸ್ಟಿಕ್ ಮಾಡೆಲ್ ಕಿಟ್ ಇಟ್ಕೊಂಡು ಮಾರುತಿ ಜಿಪ್ಸಿ ಕಿಂಗ್ ಮಾಡಬೇಕು. ಬಿಳಿ ಬಾಡಿ, ಹಿಂದೆ ಕಪ್ಪು ಕ್ಯಾನ್ವಾಸ್ ಹುಡ್, ಕೆಎ 12 ನಂಬರ್. ಜಪಾನಿನಲ್ಲೂ ಸ್ಟೀರಿಂಗ್ ಬಲಗಡೆನೇ, ಹಾಗಾಗಿ ಡ್ಯಾಶ್‌ಬೋರ್ಡ್ ಮಗುಚೋ ಕೆಲಸ ಇಲ್ಲ. ಕೇಳಬೇಕಾಗಿರೋದು ಇಷ್ಟು: ಬಾಡಿ ಎಲ್ಲಿ ಕೊಯ್ದು ಎಷ್ಟು ಉದ್ದ ಮಾಡಬೇಕು? ಕಿಟ್‌ನಲ್ಲಿ ಬಂದ ಚಕ್ರನೇ ನಡೆಯುತ್ತಾ? ಇನ್ನೊಂದು, ತುಂಡು ಪ್ಲಾಸ್ಟಿಕ್ ಮೇಲೆ ಟಾಮಿಯಾ ಟಿಎಸ್-13 ಕ್ಲಿಯರ್ (ಬಣ್ಣವಿಲ್ಲದ ಹೊಳಪು ಸ್ಪ್ರೇ) ಹೊಡೆದರೆ ಹತ್ತು ನಿಮಿಷಕ್ಕೆ ಹಾಲು ಬಳಿದ ಹಾಗೆ ಬೆಳ್ಳಗಾಗ್ತಿದೆ. ಹೊರಗೆ ಜಡಿಮಳೆ. ಡಬ್ಬಿ ಕೆಟ್ಟಿದೆಯಾ, ಹವೆನಾ?

ಇಪ್ಪತ್ನಾಲ್ಕರಲ್ಲೊಂದು
ಹವೆ. ಅದನ್ನ ಕರಾವಳಿಯವರು ಬಂದು ಹೇಳಲಿ, ಮೊದಲು ಅಳತೆ ನೋಡೋಣ.

ವೀಲ್‌ಬೇಸ್ (ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿನವರೆಗಿನ ದೂರ) ಜೆಎ11ಗೆ 2030 ಮಿ.ಮೀ., ಜಿಪ್ಸಿಗೆ 2375. ವ್ಯತ್ಯಾಸ 345. ಅದನ್ನ 24ರಿಂದ ಭಾಗಿಸಿದರೆ 14.4 ಮಿ.ಮೀ. ಬಾಗಿಲಿಗೆ ಕೈ ಹಾಕಬೇಡಿ. ಉದ್ದ ಹೆಚ್ಚಿರೋದು ಬಾಗಿಲ ಹಿಂದೆ, ಹಿಂಚಕ್ರದ ಕಮಾನಿನ ಮುಂದೆ. ಮೊದಲ ಕಟ್ ಅಲ್ಲೇ.

ಇಲ್ಲಿಗೇ ಮುಗೀತು ಅಂದ್ಕೊಂಡು ತುಂಬಾ ಜನ ನಿಲ್ಲಿಸಿಬಿಡ್ತಾರೆ. ಒಟ್ಟು ಉದ್ದ ಜಿಪ್ಸಿ 4010, ಜೆಎ11 3295. 715ರಲ್ಲಿ 345 ಕಳೆದರೂ ಇನ್ನೂ 370 ಬಾಕಿ, ಅಂದ್ರೆ ಮಾಡೆಲ್‌ನಲ್ಲಿ 15.4 ಮಿ.ಮೀ. ಅಷ್ಟೂ ಬಾಡಿಯಲ್ಲಿಲ್ಲ, ಬಂಪರ್‌ಗಳ ಪಾಲೂ ಇದೆ. ಆದರೆ ಹಿಂಚಕ್ರದ ಹಿಂದಿನ ಭಾಗ ಜಿಪ್ಸಿಯಲ್ಲಿ ಖಂಡಿತ ಉದ್ದ. ಹಾಗಾಗಿ ಎರಡನೇ ಕಟ್ ಅಲ್ಲಿ ಬೇಕು. ಅದರ ಅಳತೆ ನಿಜವಾದ ಗಾಡಿಗೆ ಟೇಪ್ ಹಿಡಿದೇ ತಗೊಳ್ಳಿ: ಹಿಂಚಕ್ರದ ನಡುವಿನಿಂದ ಟೈಲ್‌ಗೇಟ್ ಮುಖದವರೆಗೆ. ಕೊಡಗಿನಲ್ಲಿ ಜಿಪ್ಸಿಗೇನು ಬರ? ಫೋಟೊದಿಂದ ಅಳೆದರೆ ಲೆನ್ಸ್ ಕೈ ಕೊಡುತ್ತೆ, ಹತ್ತಿರದಿಂದ ತೆಗೆದ ಮೊಬೈಲ್ ಫೋಟೊದಲ್ಲಂತೂ ಕ್ಯಾಮೆರಾ ಕಡೆಯ ತುದಿ ಉಬ್ಬಿಕೊಂಡಿರುತ್ತೆ.

ಹುಬ್ಳಿ_ಗರಗಸ
ಲೆಕ್ಕ ಬರೋಬ್ಬರಿ ಐತಿ. ಆದ್ರ ಒಂದ್ ಮಾತು, ಕೊಯ್ಯೂದಕ್ಕಿಂತ ಮೊದಲು ಹುಡ್ಡಾ ಹಾರ್ಡ್‌ಟಾಪಾ ಅಂತ ಪಕ್ಕಾ ಮಾಡ್ಕೋರಿ. ಕ್ಯಾನ್ವಾಸ್ ಅಂದ್ರಿ, ಅದು ಚಲೋ ಆತು. ಹಾರ್ಡ್‌ಟಾಪ್ ಆದ್ರ ಛಾವಣಿ ಸುದ್ದಾ ಉದ್ದ ಮಾಡ್ಬೇಕು, ಬಾಜೂ ಕಿಟಕಿ ಗ್ಲಾಸ್ ಹೊಸದು ಬಡಿಬೇಕು. ಕ್ಯಾನ್ವಾಸಿಗೆ ಮುಂದಿನ ಗ್ಲಾಸಿನ ಚೌಕಟ್ಟು ಉಳಿಸ್ಕೊಂಡು ಛಾವಣಿ ತೆಗೆದು ಒಗದ್ರ ಮುಗೀತು.

ಕೊಯ್ಯೂ ಪದ್ಧತಿ: 0.1 ಮಿ.ಮೀ. ದಪ್ಪದ ರೇಜರ್ ಸಾ ಹಿಡೀರಿ. ಹ್ಯಾಕ್ಸಾ ಬ್ಲೇಡ್ ಬ್ಯಾಡ್ರಿ, ಅದು ಹಾದ ದಾರಿಯೊಳಗ ಒಂದ್ ಮಿ.ಮೀ. ಪುಡಿ ಆಗಿ ಹೋಗ್ತದ. ಡೈಮೋ ಟೇಪ್ (ಲೇಬಲ್ ಒತ್ತೂ ದಪ್ಪ ಪ್ಲಾಸ್ಟಿಕ್ ಟೇಪ್) ಇಲ್ಲಾ ಎರಡು ಪದರ ದಪ್ಪ ಟೇಪ್ ಅಂಚಿಗೆ ಹಚ್ಚಿ, ಅದನ್ನ ಗೈಡ್ ಮಾಡ್ಕೊಂಡು ಸ್ಕ್ರೈಬರ್‌ಲೆ ಹತ್ತು-ಹದಿನೈದು ಸಲ ಗೆರಿ ಎಳೀರಿ, ಆಮ್ಯಾಲೆ ಗರಗಸ. ಛಾವಣಿ ಕಡೀಕ ತೆಗೀರಿ. ಮೊದಲ ತೆಗದ್ರ ಬಾಜೂ ಗೋಡಿ ಎರಡೂ ಒಳಗ ಬಾಗ್ತಾವ, ಆಮ್ಯಾಲೆ ಎಷ್ಟ್ ಒದ್ದಾಡಿದ್ರೂ ಬಾಡಿ ಚೌಕ ಕೂಡೂದಿಲ್ಲ.

ಮಡಿಕೇರಿ_ಮೇಜು
ಛಾವಣಿ ಕಡೆಗೆ ತೆಗೆಯೋದು ಹೊಳೆದೇ ಇರಲಿಲ್ಲ. 14.4 ತುಂಬೋದಕ್ಕೆ ಸನ್‌ಬೋರ್ಡ್ ಆಗುತ್ತಾ? ಸ್ಟೇಷನರಿ ಅಂಗಡಿಯಲ್ಲಿ ಅದೇ ಸಿಗೋದು.

ಬೆಸುಗೆ_ಬಾಟ್ಲಿ
ಬೇಡ ಸಾರ್. ಸನ್‌ಬೋರ್ಡ್ ಪಿವಿಸಿ ಫೋಮ್. ಕಿಟ್ ಪಾಲಿಸ್ಟೈರೀನ್. ಟಾಮಿಯಾ ಎಕ್ಸ್‌ಟ್ರಾ ಥಿನ್ ಅಂಟಲ್ಲ, ದ್ರಾವಕ. ಎರಡೂ ಕಡೆ ಸ್ಟೈರೀನ್ ಕರಗಿ ಒಂದಾದರೆ ಮಾತ್ರ ಬೆಸುಗೆ. ಆರ್ಕಿಟೆಕ್ಚರ್ ಮಾಡೆಲ್ ಸಾಮಾನು ಮಾರೋ ಕಡೆ ಹಿಪ್ಸ್ ಶೀಟ್ (ಇದೂ ಪಾಲಿಸ್ಟೈರೀನೇ) ಅಂತ ಕೇಳಿ, 1 ಮಿ.ಮೀ. ದಪ್ಪದ್ದು. ಎವರ್‌ಗ್ರೀನ್ ಕಂಪನಿಯ ಸ್ಟೈರೀನ್ ಶೀಟ್ ಸಿಕ್ಕರೆ ಇನ್ನೂ ಒಳ್ಳೆಯದು.

ತುಂಬೋ ಪಟ್ಟಿಯನ್ನ 14.4ಕ್ಕೇ ಕತ್ತರಿಸಬೇಡಿ. ಗರಗಸ ತಿಂದಿದ್ದು, ಅಂಚು ಉಜ್ಜಿದ್ದು ಸೇರಿಸಿ 15 ಇಟ್ಟು ಉಜ್ಜುತ್ತಾ ಬನ್ನಿ. ಒಳಗಡೆಯಿಂದ ಜಾಯಿಂಟ್‌ಗೆ ಅಡ್ಡವಾಗಿ 8 ಮಿ.ಮೀ. ಅಗಲದ ಇನ್ನೊಂದು ಪಟ್ಟಿ ಕೊಡಿ. ಅಂಚಿಗೆ ಅಂಚು ಮಾತ್ರ ಅಂಟಿಸಿದರೆ ಮುಂದೆ ಉಜ್ಜುವಾಗ ಕಟಕ್ ಅನ್ನುತ್ತೆ. ಸಪಾಟಾಗಿರೋ ಗಾಜಿನ ಮೇಲೆ ಎರಡು ಅಲ್ಯೂಮಿನಿಯಂ ಎಲ್-ಆ್ಯಂಗಲ್ ಇಟ್ಟು, ನಡುವೆ ಬಾಡಿ ಸಿಕ್ಕಿಸಿ ಅಂಟಿಸಿ. 48 ಗಂಟೆ ಮುಟ್ಟಬೇಡಿ.

ಸ್ಪ್ರೂ_ಸಂಗ್ರಾಹಕ
ಎಕ್ಸ್‌ಟ್ರಾ ಥಿನ್ ಬದಲು ಬರೀ ಅಸಿಟೋನ್ ಸಾಕಲ್ವಾ? ಅದರಲ್ಲೂ ಇರೋದು ಅದೇ.

ಬೆಸುಗೆ_ಬಾಟ್ಲಿ
ಅರ್ಧ ಮಾತ್ರ. ಅಸಿಟೋನ್ ಜೊತೆ ಬ್ಯುಟೈಲ್ ಅಸಿಟೇಟ್ ಇದೆ, ನಿಧಾನ ಆರೋದು ಅದೇ. ಬರೀ ಅಸಿಟೋನ್ ಸಂದಿಯೊಳಗೆ ಹರಿಯೋ ಮೊದಲೇ ಹಾರಿ ಹೋಗುತ್ತೆ, ಮೇಲ್ಮೈ ಮಾತ್ರ ಬಿಳಿಚಿಕೊಂಡು ಒರಟಾಗುತ್ತೆ. ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ಸುಳಿಯಬೇಡಿ. ಅದರಲ್ಲಿ ನೀರು, ಎಣ್ಣೆ, ಸುಗಂಧ ಎಲ್ಲ ಇರುತ್ತೆ. ಎಣ್ಣೆ ಉಳಿದ ಕಡೆ ಪ್ರೈಮರ್ ಕೂರಲ್ಲ.

ಮಲ್ಲೇಶ್ವರ_ಪುಟ್ಟಿ
ಜಾಯಿಂಟ್ ತುಂಬೋಕೆ ಟ್ಯೂಬ್ ಪುಟ್ಟಿ ಸಾಕು, ಎರಡು ಸಲ ಸವರಿ 400 ನಂಬರ್ ಸ್ಯಾಂಡ್‌ಪೇಪರ್ ಉಜ್ಜಿದರೆ ಗೊತ್ತೇ ಆಗಲ್ಲ.

ಹುಬ್ಳಿ_ಗರಗಸ
ಇದನ್ನ ಒಪ್ಪಂಗಿಲ್ರಿ. ಬಣ್ಣ ಹೊಡದ ದಿನ ಗೊತ್ತಾಗೂದಿಲ್ಲ ಖರೆ, ತಿಂಗಳ ಮ್ಯಾಲೆ ಸಣ್ಣ ಗೆರಿ ಎದ್ದು ಕಾಣ್ತದ. ಟ್ಯೂಬ್ ಪುಟ್ಟಿ ದ್ರಾವಕದ್ದು, ಆರಿದಂಗ ಕುಗ್ತದ. ಅದರ ಮ್ಯಾಲೆ ಲ್ಯಾಕರ್ ಹೊಡದ್ರ ಆ ದ್ರಾವಕ ಮತ್ತ ಪುಟ್ಟಿ ಒಳಗ ಇಳಿದು ಉಬ್ಬಿಸಿ ಕುಗ್ಗಿಸ್ತದ. ಬಿಳಿ ಹೊಳಪಿನ ಬಾಡಿ, ಸಪಾಟು ಬಾಜೂ, ಲೈಟ್ ಬಿದ್ದಲ್ಲೆ ಕಾಣೂದ.

ಸೂಪರ್ ಗ್ಲೂ ಜೊತಿ ಟಾಲ್ಕಂ ಪೌಡರ್ ಕಲಸ್ರಿ, ದೋಸಿ ಹಿಟ್ಟಿನಷ್ಟು ಗಟ್ಟಿ. ಸಂದಿಗೆ ತುಂಬಿ ಒಂದ್ ತಾಸಿನೊಳಗ ಉಜ್ರಿ. ಕುಗ್ಗೂದಿಲ್ಲ. ಮರುದಿನಕ್ಕ ಬಿಟ್ರ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿ ಆಗ್ತದ, ಆಗ ಪೇಪರ್ ಪ್ಲಾಸ್ಟಿಕ್ ತಿಂತದ, ಜಾಯಿಂಟ್ ದಿಬ್ಬ ಆಗಿ ಉಳೀತದ.

ಮಲ್ಲೇಶ್ವರ_ಪುಟ್ಟಿ
ಪುಟ್ಟಿ ಪೂರ್ತಿ ಆರೋಕೆ ಬಿಡದೆ ಇದ್ದರೆ ಹಾಗಾಗುತ್ತೆ. ತೆಳ್ಳಗೆ ಸವರಿ ವಾರ ಬಿಟ್ಟರೆ ಸಮಸ್ಯೆ ಇಲ್ಲ. ಆದ್ರೂ 14 ಮಿ.ಮೀ. ಪಟ್ಟಿಗೆ ಎರಡು ಬದಿ, ಒಂದೊಂದು ಕಡೆ ಎರಡು ಜಾಯಿಂಟ್. ಇಲ್ಲಿ ಸೂಪರ್ ಗ್ಲೂ ವಾಸಿ, ಒಪ್ಪಿದೆ. ಪ್ಯಾನಲ್ ಮೂಲೆ, ಫ್ಲೇರ್ (ಚಕ್ರದ ಕಮಾನಿನ ಮೇಲೆ ಹೊರಚಾಚಿದ ಅಂಚು) ಬುಡದಂಥ ಕಡೆಗೆ ಟ್ಯೂಬೇ ಸರಿ.

ಸ್ಪ್ರೂ_ಸಂಗ್ರಾಹಕ
ಮೂರನೇ ದಾರಿ: ಕಿಟ್‌ನ ಸ್ಪ್ರೂ (ಬಿಡಿಭಾಗ ಹಿಡಿದಿರೋ ಪ್ಲಾಸ್ಟಿಕ್ ಚೌಕಟ್ಟು) ಚೂರುಗಳನ್ನ ಎಕ್ಸ್‌ಟ್ರಾ ಥಿನ್‌ನಲ್ಲಿ ಕರಗಿಸಿ ಜೇನುತುಪ್ಪದ ಹದ ಮಾಡಿ ತುಂಬೋದು. ಅದೇ ಪ್ಲಾಸ್ಟಿಕ್, ಉಜ್ಜುವಾಗ ಗಟ್ಟಿ-ಮೆತ್ತಗೆ ಅನ್ನೋ ಭೇದ ಇಲ್ಲ. ಆದರೆ ಆರೋಕೆ ನಾಲ್ಕೈದು ದಿನ ಬೇಕು, ದಪ್ಪಗೆ ಹಾಕಿದರೆ ಒಳಗೆ ಗುಳ್ಳೆ ಉಳಿಯುತ್ತೆ.

ಚಾಸಿ_ನಂಬರ್
ಎಲ್ಲರೂ ಬಾಡಿ ಹಿಂದೆ ಬಿದ್ದಿದ್ದೀರಿ, ಅಡಿಭಾಗ ಯಾರು ನೋಡ್ತಾರೆ? ಎರಡೂ ಗಾಡಿ ಲ್ಯಾಡರ್ ಫ್ರೇಮ್ (ಏಣಿಯ ಆಕಾರದ ಚಾಸಿ), ನಾಲ್ಕೂ ಕಡೆ ಕಮಾನ್ ಪಟ್ಟಿ. ಫ್ರೇಮ್ ಕೊಯ್ಯಬೇಕಾದ್ದು ಟ್ರಾನ್ಸ್‌ಫರ್ ಕೇಸ್‌ನ (ಎಂಜಿನ್ ಶಕ್ತಿಯನ್ನ ಮುಂದಿನ-ಹಿಂದಿನ ಆಕ್ಸಲ್‌ಗೆ ಹಂಚೋ ಪೆಟ್ಟಿಗೆ) ಹಿಂದೆ, ಹಿಂದಿನ ಕಮಾನ್ ಪಟ್ಟಿಯ ಮುಂದಿನ ಬ್ರ್ಯಾಕೆಟ್‌ಗಿಂತ ಮೊದಲು. ಈ ಸುಜುಕಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಬೇರೆಯಾಗಿ ನೇತಾಡುತ್ತೆ. ಗೇರ್‌ಬಾಕ್ಸ್‌ನಿಂದ ಅದಕ್ಕೊಂದು ಗಿಡ್ಡ ಶಾಫ್ಟ್, ಅಲ್ಲಿಂದ ಮುಂದಿನ ಆಕ್ಸಲ್‌ಗೊಂದು, ಹಿಂದಿನದಕ್ಕೊಂದು. ಹಾಗಾಗಿ ಮುಂದಿನ ಎರಡು ಹಾಗೇ ಇರಲಿ. ಉದ್ದ ಆಗೋದು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಒಂದೇ.

ಫ್ರೇಮ್‌ನ ಎರಡು ತುದಿಗೂ 0.8 ಡ್ರಿಲ್ ಹಾಕಿ 0.8 ಹಿತ್ತಾಳೆ ತಂತಿ ತೂರಿಸಿ ಸೂಪರ್ ಗ್ಲೂ ಕೊಡಿ, ಬರೀ ಸ್ಟೈರೀನ್ ಬೆಸುಗೆಯಲ್ಲಿ ಬಿಟ್ಟರೆ ನಾಲ್ಕು ಚಕ್ರ ಒಟ್ಟಿಗೆ ನೆಲ ಮುಟ್ಟಲ್ಲ. ಸೈಲೆನ್ಸರ್ ಪೈಪ್‌ಗೆ 1.5 ಮಿ.ಮೀ. ಸೋಲ್ಡರ್ ತಂತಿ, ಬೆರಳಲ್ಲೇ ಬಗ್ಗುತ್ತೆ.

ಇಪ್ಪತ್ನಾಲ್ಕರಲ್ಲೊಂದು
ಟ್ರಾನ್ಸ್‌ಫರ್ ಕೇಸ್ ವಿಷಯ ನೂರಕ್ಕೆ ನೂರು. ಅಗಲದ ಬಗ್ಗೆ ಯಾರೂ ಹೇಳಿಲ್ಲ. ಜೆಎ11 ಅಗಲ 1395, ಜಿಪ್ಸಿ ಕಿಂಗ್ 1540. ಅಂದ್ರೆ ಮಾಡೆಲ್‌ನಲ್ಲಿ 6 ಮಿ.ಮೀ. ಅಗಲ ಮಾಡಬೇಕು.

ಚಾಸಿ_ನಂಬರ್
ಬಾಡಿಯನ್ನ ಉದ್ದಕ್ಕೆ ಸೀಳೋಕೆ ಹೊರಟರೆ ತಪ್ಪಾಗುತ್ತೆ, ನಿಲ್ಲಿ. ತಗಡಿನ ಬಾಡಿ ಅದೇ ಅಗಲ. ಹೆಚ್ಚಿನ ಅಗಲ ಬರೋದು ಚಕ್ರದ ಕಮಾನಿನ ಫ್ಲೇರ್‌ನಿಂದ, ಜೊತೆಗೆ ಅಗಲವಾದ ಟ್ರ್ಯಾಕ್‌ನಿಂದ (ಎಡ-ಬಲ ಚಕ್ರಗಳ ನಡುವಿನ ದೂರ). ಫ್ಲೇರ್ ಒಂದೊಂದು ಬದಿಗೆ 3 ಮಿ.ಮೀ. ಟ್ರ್ಯಾಕ್ ಜೆಎ11ಗೆ ಮುಂದೆ 1190, ಹಿಂದೆ 1200. ಜಿಪ್ಸಿಗೆ 1300, 1310. ವ್ಯತ್ಯಾಸ 110, ಮಾಡೆಲ್‌ನಲ್ಲಿ ಒಂದು ಬದಿಗೆ 2.3 ಮಿ.ಮೀ. ಆಕ್ಸಲ್ ತುದಿಗೆ ಅಷ್ಟು ದಪ್ಪದ ಸ್ಟೈರೀನ್ ಬಿಲ್ಲೆ ಕೊಟ್ಟು ಚಕ್ರ ಹೊರಗೆ ತನ್ನಿ.

ಫ್ಲೇರ್ ಮಾಡೋಕೆ 1 ಮಿ.ಮೀ. ಶೀಟ್‌ನ ಮೂರು ಪದರ ಅಂಟಿಸಿ, ಒಣಗಿದ ಮೇಲೆ ಕಮಾನಿನ ಆಕಾರಕ್ಕೆ ಅರದಿಂದ ಉಜ್ಜಿ. ನಾಲ್ಕನ್ನೂ ಒಂದೇ ಕಾಗದದ ಅಚ್ಚಿನಿಂದ ಕತ್ತರಿಸಿ.

ಇಪ್ಪತ್ನಾಲ್ಕರಲ್ಲೊಂದು
ಸರಿ, ಹೌದು. ಬಾಡಿ ಅಂದಿದ್ದು ನನ್ನ ತಪ್ಪು. ಚಕ್ರಕ್ಕೆ ಉತ್ತರ ಬಾಕಿ ಇದೆ: ಜೆಎ11 ಟೈರು 175/80 ಆರ್16. ರಿಮ್ 406 + ಬದಿಗೋಡೆ 140 ಎರಡು ಸಲ = 686 ಮಿ.ಮೀ., ಮಾಡೆಲ್‌ನಲ್ಲಿ 28.6. ಜಿಪ್ಸಿ ಕಿಂಗ್ 205/70 ಆರ್15. 381 + 143.5 ಎರಡು ಸಲ = 668, ಮಾಡೆಲ್‌ನಲ್ಲಿ 27.8. ಹೊರವ್ಯಾಸದಲ್ಲಿ ಒಂದು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ. ಕಣ್ಣಿಗೆ ಬೀಳೋದು ಎರಡು: ರಿಮ್ 16.9 ಬದಲು 15.9 ಇರಬೇಕು, ಟೈರಿನ ಅಗಲ 7.3 ಬದಲು 8.5 ಇರಬೇಕು. ಕಿಟ್ ಟೈರು ಸಣಕಲು ಅನ್ನಿಸೋದು ಈ ಅಗಲದಿಂದಲೇ. ಹೊರವ್ಯಾಸ 28ರ ಆಸುಪಾಸಿನ, 8.5 ಅಗಲದ ಟೈರು ಬೇರೆ ಕಿಟ್‌ನಿಂದ ಹುಡುಕಿ.

ಕರಾವಳಿ_ಗಾಳಿ
ಬಂದೆ. ಬಿಳಿಚಿಕೊಳ್ಳುವುದಕ್ಕೆ ಡಬ್ಬಿಯನ್ನು ಬೈಯಬೇಡಿ ಮಾರಾಯ್ರೆ. ಲ್ಯಾಕರ್‌ನ ದ್ರಾವಕ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿ ಕೂತ ಹಾಗೆ ಕೂತು ಪದರದೊಳಗೆ ಸಿಕ್ಕಿಬೀಳುತ್ತದೆ. ತೇವಾಂಶ ಶೇ 70 ದಾಟಿದರೆ ಸ್ಪ್ರೇ ಡಬ್ಬಿ ಮುಟ್ಟುವುದೇ ಬೇಡ. ಗೋಡೆಗೆ ಹಾಕುವ ಸಣ್ಣ ಹೈಗ್ರೋಮೀಟರ್ ಉಂಟಲ್ಲ, ಅದೊಂದು ತಗೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೂ ನಿಮಗೂ ಅದು ಕ್ಯಾಲೆಂಡರಿಗಿಂತ ಮುಖ್ಯ.

ಮಳೆಯಲ್ಲೇ ಮಾಡಬೇಕೆಂದರೆ ಏರ್‌ಬ್ರಷ್‌ಗೆ ಬನ್ನಿ. ಟಾಮಿಯಾ ಎಲ್‌ಪಿ-2 ಬಿಳಿ ಲ್ಯಾಕರ್ ಒಂದು ಪಾಲು, ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಒಂದೂವರೆಯಿಂದ ಎರಡು ಪಾಲು. ಆ ಥಿನ್ನರಿನಲ್ಲಿ ರಿಟಾರ್ಡರ್ ಉಂಟು, ನಿಧಾನ ಆರುತ್ತದೆ, ತೇವ ಕೂತರೂ ಹೊರಗೆ ಹೋಗಲಿಕ್ಕೆ ಸಮಯ ಸಿಗುತ್ತದೆ. 0.3 ನಾಜಲ್, 15ರಿಂದ 18 ಪಿಎಸ್‌ಐ. ಕಂಪ್ರೆಸರ್‌ಗೆ ವಾಟರ್ ಟ್ರ್ಯಾಪ್ ಇಲ್ಲದಿದ್ದರೆ ನಳಿಗೆಯಿಂದಲೇ ನೀರು ಉಗುಳುತ್ತದೆ, ಅದು ಬೇರೆ ಕಥೆ.

ಈಗಾಗಲೇ ಬೆಳ್ಳಗಾದ ತುಂಡಿನ ಮೇಲೆ ಒಣ ದಿನ ಅದೇ ಲೆವೆಲಿಂಗ್ ಥಿನ್ನರ್ ಮಂಜಿನ ಹಾಗೆ ತೆಳ್ಳಗೆ ಹೊಡೆದು ನೋಡಿ, ಹೆಚ್ಚಿನ ಸಲ ತಿಳಿಯಾಗುತ್ತದೆ.

ಮಡಿಕೇರಿ_ಮೇಜು
ಡಬ್ಬಿಯನ್ನ ಬಿಸಿನೀರಲ್ಲಿ ಇಟ್ಟು ಹೊಡೆದರೆ?

ಕರಾವಳಿ_ಗಾಳಿ
ಕೈಗೆ ಹಿತವಾಗುವಷ್ಟು ಬೆಚ್ಚಗೆ, 40 ಡಿಗ್ರಿ ಒಳಗೆ, ಐದು ನಿಮಿಷ. ಒತ್ತಡ ಚೂರು ಏರಿ ಹನಿ ಸಣ್ಣದಾಗುತ್ತದೆ, ಬಣ್ಣ ಚೆನ್ನಾಗಿ ಹರಡುತ್ತದೆ. ಕುದಿನೀರು, ಒಲೆ ಎಂತದ್ದೂ ಬೇಡ, ಡಬ್ಬಿ ಸಿಡಿಯುತ್ತದೆ. ಆದರೆ ತೇವಾಂಶಕ್ಕೆ ಇದು ಮದ್ದಲ್ಲ, ಆಯ್ತಾ.

ಒಣಗಿಸಲಿಕ್ಕೆ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಕಾಲದ 40 ವ್ಯಾಟ್ ಬಲ್ಬ್, ಮೇಲೆ ನಾಲ್ಕು ತೂತು. ಬಲ್ಬ್ ರಟ್ಟಿಗೆ ತಾಗಬಾರದು. ಬಾಡಿ ಇಡುವಲ್ಲಿ 45 ಡಿಗ್ರಿ ದಾಟದ ಹಾಗೆ ಥರ್ಮಾಮೀಟರ್ ಇಡಿ. ನೀವು ಹೇಗೂ ಛಾವಣಿ ತೆಗೆದ ಬಾಡಿ, ಬಿಸಿ ಹೆಚ್ಚಾದರೆ ಬದಿಗಳು ಸೊಟ್ಟಗಾಗುತ್ತವೆ.

ಗ್ಲಾಸ್_ಫಿನಿಶ್
ಒಂದು ಪ್ರಶ್ನೆ. ಜಿಪ್ಸಿಯ ಬಿಳಿ ಸಾಲಿಡ್ ಕಲರ್, ಮೆಟಾಲಿಕ್ ಅಲ್ಲ. ಬಾಡಿ ಮೇಲೆ ದೊಡ್ಡ ಡೆಕಲ್ (ನೀರಲ್ಲಿ ನೆನೆಸಿ ಅಂಟಿಸೋ ಚಿತ್ರ) ಕೂಡ ಇಲ್ಲ. ಕ್ಲಿಯರ್ ಯಾಕೆ ಬೇಕು?

ಮಡಿಕೇರಿ_ಮೇಜು
ಹೊಳಪಿಗೆ.

ಗ್ಲಾಸ್_ಫಿನಿಶ್
ಹೊಳಪು ಪಾಲಿಶ್‌ನಿಂದ ಬರುತ್ತೆ. ಕ್ಲಿಯರ್ ಬೇಕಾಗೋದು ಮೆಟಾಲಿಕ್ ಪುಡಿ ಉಜ್ಜಿ ಹೋಗದ ಹಾಗೆ ಕಾಪಾಡೋಕೆ, ಇಲ್ಲಾ ಡೆಕಲ್ ಅಂಚು ಮುಚ್ಚೋಕೆ. ಬಿಳಿ ಮೇಲೆ ಕ್ಲಿಯರ್ ದಪ್ಪ ಆದಷ್ಟೂ ವರ್ಷ ಕಳೆದಂತೆ ಹಳದಿ ತಿರುಗೋ ಅಪಾಯ. ಜೊತೆಗೆ 1/24ರಲ್ಲಿ ಒಂದು ಪದರ ಹೆಚ್ಚಾದರೂ ಬಾಗಿಲ ಗೆರೆ ತುಂಬಿಕೊಂಡು ಸಕ್ಕರೆ ಪಾಕದಲ್ಲಿ ಅದ್ದಿದ ಹಾಗೆ ಕಾಣುತ್ತೆ.

ಹೀಗೆ ಮಾಡಿ. ಪಾತ್ರೆ ಸೋಪಿನಲ್ಲಿ ಬಾಡಿ ತೊಳೀರಿ, ಅಚ್ಚಿನ ಎಣ್ಣೆ ಹೋಗಲಿ. ಪ್ರೈಮರ್‌ಗೆ ಮೊದಲೇ ಬಾಗಿಲ, ಬಾನೆಟ್ ಗೆರೆಗಳನ್ನ ಸ್ಕ್ರೈಬರ್‌ನಿಂದ ಎರಡೆರಡು ಸಲ ಆಳ ಮಾಡಿ. ಮೊದಲು ಬೂದು ಪ್ರೈಮರ್: ನಿಮ್ಮ ಜಾಯಿಂಟ್‌ಗಳ ತಪ್ಪು ಬೂದು ಬಣ್ಣದಲ್ಲೇ ಕಾಣೋದು. ತಿದ್ದಿ, 1000 ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ. ಆಮೇಲೆ ಬಿಳಿ ಪ್ರೈಮರ್. ಬೂದು ಬಣ್ಣದ ಮೇಲೆ ನೇರ ಬಿಳಿ ಹೊಡೆದರೆ ಮುಚ್ಚೋಕೆ ಏಳೆಂಟು ಪದರ ಆಗುತ್ತೆ. ಬಿಳಿ ಬಣ್ಣ ಎರಡು ಮಂಜು ಪದರ, ಮೂರು ತೆಳು ಪದರ, ನಡುವೆ 15 ನಿಮಿಷ. ಒಂದು ವಾರ ಬಿಡಿ. ಮೂಗಿಗೆ ಹಿಡಿದರೆ ದ್ರಾವಕದ ವಾಸನೆ ಇದ್ದರೆ ಇನ್ನೂ ಬಿಡಿ. ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗು ಇರೋ ಕಡೆ ಮಾತ್ರ 2000, 3000, ಆಮೇಲೆ ಟಾಮಿಯಾ ಕಾಂಪೌಂಡ್ ಮೂರು ದರ್ಜೆ: ಕೋರ್ಸ್, ಫೈನ್, ಫಿನಿಶ್. ಪ್ರತಿ ದರ್ಜೆಗೂ ಬೇರೆ ಬಟ್ಟೆ. ಬಾನೆಟ್ ಅಂಚು, ಫ್ಲೇರ್ ಅಂಚಿಗೆ 2 ಮಿ.ಮೀ. ಟೇಪ್ ಹಚ್ಚಿ ಉಜ್ಜಿ, ಮೊದಲು ಬಣ್ಣ ಸವೆಯೋದು ಅಲ್ಲೇ.

ಸ್ಪ್ರೂ_ಸಂಗ್ರಾಹಕ
ಹಾರ್ಡ್‌ವೇರ್ ಅಂಗಡಿಯ ಕಾರ್ ಟಚಪ್ ಸ್ಪ್ರೇ ಬಿಳಿ ಹೊಡೆದರೆ? ಟಾಮಿಯಾದ್ದು 100 ಮಿ.ಲೀ., ಅದು 400ರ ಡಬ್ಬಿ. ಟಿಎಸ್ ಡಬ್ಬಿ ವಿಮಾನದಲ್ಲಿ ಬರಲ್ಲ, ರಸ್ತೆಯಲ್ಲಿ ಬರೋವರೆಗೂ ಕಾಯಬೇಕು.

ಬೆಸುಗೆ_ಬಾಟ್ಲಿ
ಹೊಡೆಯಬಹುದು, ಬರಿ ಪ್ಲಾಸ್ಟಿಕ್ ಮೇಲೆ ಮಾತ್ರ ಬೇಡ. ತಗಡಿಗೆ ಮಾಡಿದ ಬಣ್ಣ, ಟೊಲ್ಯೂಯಿನ್ ಥರದ ಖಾರದ ದ್ರಾವಕ ಇರುತ್ತೆ, ಸ್ಟೈರೀನ್ ಬಿರುಕು ಬಿಡುತ್ತೆ. ಪ್ರೈಮರ್ ಪೂರ್ತಿ ಆರಿದ ಮೇಲೆ ಮೊದಲೆರಡು ಪದರ ಒಣಮಂಜಿನ ಹಾಗೆ. ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷೆ ಮಾಡಿ.

ಗ್ಲಾಸ್_ಫಿನಿಶ್
ಚಮಚದ ಪರೀಕ್ಷೆಗೆ ಒಂದು ತಿದ್ದುಪಡಿ. ಈಗ ಸಿಗೋ ಎಷ್ಟೋ ಚಮಚ ಪಾಲಿಪ್ರೊಪಿಲೀನ್. ಅದಕ್ಕೆ ಈ ಬಣ್ಣಗಳ ದ್ರಾವಕ ಹೆಚ್ಚೇನೂ ಮಾಡಲ್ಲ, ಹಾಗಾಗಿ ಬಣ್ಣ ಸುರಕ್ಷಿತ ಅಂತ ತಪ್ಪು ತಿಳಿತೀರಿ. ಪರೀಕ್ಷೆಗೆ ಕಿಟ್‌ನ ಸ್ಪ್ರೂ ಚೌಕಟ್ಟೇ ಇದೆಯಲ್ಲ. ಇನ್ನೊಂದು: ಟು-ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯೋದು) ಅಂತ ಯಾರಾದರೂ ಹೇಳಿದರೆ, ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತೆ, ಉಸಿರಾಟಕ್ಕೆ ಅಪಾಯ. ಬಟ್ಟೆ ಮಾಸ್ಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕ್, ಹೊರಗೆ ಗಾಳಿ ತಳ್ಳೋ ಫ್ಯಾನ್ ಎರಡೂ ಇಲ್ಲದೆ ಮನೆಯೊಳಗೆ ಹೊಡೆಯಬೇಡಿ.

ಹುಬ್ಳಿ_ಗರಗಸ
ಕ್ಯಾನ್ವಾಸ್ ಹುಡ್ ಹೆಂಗ ಮಾಡಾವ್ರದೀರಿ?

ಮಲ್ಲೇಶ್ವರ_ಪುಟ್ಟಿ
0.8 ಹಿತ್ತಾಳೆ ತಂತಿಯಲ್ಲಿ ಕಮಾನು ಬಗ್ಗಿಸಿ ನಿಲ್ಲಿಸಿ. ನಿಜವಾದ ಅಳತೆಯಲ್ಲಿ ಅದು ಸುಮಾರು 19 ಮಿ.ಮೀ. ಪೈಪ್. ಅದರ ಮೇಲೆ ಟಿಶ್ಯೂ ಪೇಪರ್ ಒಂದು ಪದರ ಹರಡಿ, ಫೆವಿಕಾಲ್-ನೀರು ಸಮಸಮ ಕಲಸಿ ಬ್ರಷ್‌ನಲ್ಲಿ ಮೆಲ್ಲಗೆ ತಟ್ಟಿ. ಎಳೆದರೆ ಹರಿಯುತ್ತೆ. ಒಣಗುವಾಗ ತಾನೇ ಬಿಗಿದುಕೊಂಡು ಕಮಾನುಗಳ ನಡುವೆ ಚೂರು ಕುಸಿಯುತ್ತೆ, ಕ್ಯಾನ್ವಾಸ್ ಕೂಡ ಹಾಗೇ ಕೂರೋದು. ಬಣ್ಣಕ್ಕೆ ಅಚ್ಚ ಕಪ್ಪು ಬೇಡ, ಮ್ಯಾಟ್ ಕಪ್ಪಿಗೆ ನಾಲ್ಕನೇ ಒಂದು ಪಾಲು ಬೂದು ಸೇರಿಸಿ. ಸಣ್ಣ ಅಳತೆಯಲ್ಲಿ ಅಚ್ಚ ಕಪ್ಪು ತೂತಿನ ಹಾಗೆ ಕಾಣುತ್ತೆ.

ಫೆವಿಕಾಲ್ ತೆಗೆದಿರೋವಾಗ ಮುಂದಿನ ಗ್ಲಾಸನ್ನೂ ಅದರಲ್ಲೇ ಅಂಟಿಸಿ. ಸೂಪರ್ ಗ್ಲೂ ಹಬೆಗೆ ಗ್ಲಾಸ್ ಮಂಜುಗಟ್ಟುತ್ತೆ.

ಕನ್ನಡ_ಅಂಕಿ
ನಂಬರ್ ಪ್ಲೇಟ್ ಕನ್ನಡ ಅಂಕಿಯಲ್ಲಿ ಹಾಕಿ, ಚೆಂದ ಇರುತ್ತೆ.

ಚಾಸಿ_ನಂಬರ್
ಚೆಂದ ಖಂಡಿತ. ಆದರೆ ಮೋಟಾರು ವಾಹನ ನಿಯಮದಲ್ಲಿ ನೋಂದಣಿ ಸಂಖ್ಯೆ ಇಂಗ್ಲಿಷ್ ಅಕ್ಷರ-ಅಂಕಿಯಲ್ಲೇ ಇರಬೇಕು. ನಿಜವಾದ ಗಾಡಿಯ ಹಾಗೇ ಕಾಣಬೇಕು ಅಂದ್ರೆ ಹಾಗೇ ಇರಲಿ. ಬೇಕಿದ್ರೆ ಹಿಂದಿನ ಸ್ಟೆಪ್ನಿ ಕವರ್ ಮೇಲೆ ಕನ್ನಡ ಬರೆಯಿರಿ, ಅಲ್ಲಿ ಯಾರೂ ತಡೆಯಲ್ಲ.

ಇಪ್ಪತ್ನಾಲ್ಕರಲ್ಲೊಂದು
ಪ್ಲೇಟ್ ಅಳತೆ: ಉದ್ದದ್ದು 500×120, ಮಾಡೆಲ್‌ನಲ್ಲಿ 20.8×5. ಎರಡು ಸಾಲಿನದು 340×200, ಅದು 14.2×8.3. ಅಕ್ಷರದ ಎತ್ತರ 65 ಮಿ.ಮೀ., ಮಾಡೆಲ್‌ನಲ್ಲಿ 2.7. ಬಿಳಿ ಹಾಳೆಯ ವಾಟರ್‌ಸ್ಲೈಡ್ ಡೆಕಲ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಆದರೆ ನೀರಿಗೆ ಹಾಕೋ ಮೊದಲು ಎರಡು ಪದರ ಕ್ಲಿಯರ್ ಹೊಡೆಯಲೇಬೇಕು, ಇಲ್ಲದಿದ್ದರೆ ಶಾಯಿ ಹರಿದುಹೋಗುತ್ತೆ. ನಿಮ್ಮ ಟಿಎಸ್-13 ಇದಕ್ಕೆ ಆಗುತ್ತೆ.

ಮಡಿಕೇರಿ_ಮೇಜು
ಹಾಗಾದರೆ ಬಾಡಿಗೆ ಕ್ಲಿಯರ್ ಇಲ್ಲ, ಪಾಲಿಶ್ ಮಾತ್ರ. ಹಿಪ್ಸ್ ಶೀಟ್ ಬರೋದರೊಳಗೆ ಹಿಂದಿನ ಓವರ್‌ಹ್ಯಾಂಗ್ (ಹಿಂಚಕ್ರದ ಹಿಂದಿನ ಭಾಗ) ಅಳೆದು ಇಲ್ಲಿ ಹಾಕ್ತೀನಿ. ಬಾಗಿಲ ಹಿಂದಿನ ಕಟ್ ಬಾಗಿಲ ಗೆರೆಯಿಂದ ಎಷ್ಟು ದೂರ ಇರಲಿ?

ಹುಬ್ಳಿ_ಗರಗಸ
4 ಮಿ.ಮೀ. ಬಿಡ್ರಿ. ಗೆರಿಗೆ ಹತ್ತಿ ಕೊಯ್ದ್ರ ಉಜ್ಜುವಾಗ ಬಾಗಿಲ ಗೆರಿನ ಅಳಿಸಿ ಹೋಗ್ತದ, ಚಕ್ರದ ಕಮಾನಿಗೆ ಹತ್ತಿ ಕೊಯ್ದ್ರ ಫ್ಲೇರ್ ಕೂಡಾಕ ಸಪಾಟು ಜಾಗ ಸಿಗೂದಿಲ್ಲ. ಎಡಕ್ಕೂ ಬಲಕ್ಕೂ ಒಂದ ಅಳತಿ, ಕ್ಯಾಲಿಪರ್ ಹಚ್ಚಿ ನೋಡ್ಕೋರಿ.